ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ರಾಫ್ಟಿಂಗ್: ನದಿ ಗೈಡ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಹರಿಯುವ ಕೊಲೊರಾಡೋ ನದಿಯಲ್ಲಿ ರಾಫ್ಟ್ ಗೈಡ್ ಆಗಿ ಕೆಲಸ ಮಾಡುತ್ತೇನೆ. ನನ್ನದು ಹುಟ್ಟು ಹಾಕುವ, ಗಾಳಿ ತುಂಬಿದ ರಬ್ಬರ್ ದೋಣಿ, ಮೋಟಾರ್ ಅಲ್ಲ. ಗುಂಪಿನಲ್ಲಿ ಹಲವರು ಈ ಪ್ರವಾಸದ ಬಗ್ಗೆ ಕೇಳುತ್ತಿದ್ದಿರಿ. ಎರಡು ದಿನ ಬಿಡುವಿದೆ, ಕೇಳಿ. ಗೊತ್ತಿರುವುದನ್ನು ಹೇಳುತ್ತೇನೆ.

ಪ್ರಶ್ನೆ: ಮುಂದಿನ ಜೂನ್‌ನಲ್ಲಿ ಹೋಗುವ ಆಸೆ. ಆದರೆ ನನಗೆ ಈಜು ಬರುವುದಿಲ್ಲ. ನನ್ನಂಥವರು ಬರಬಹುದಾ? ನೀರಿಗೆ ಬಿದ್ದರೆ ಏನು ಗತಿ?

ಉತ್ತರ: ಬರಬಹುದು. ಈಜು ಬಾರದ ಎಷ್ಟೋ ಜನರನ್ನು ನಾನು ಕರೆದುಕೊಂಡು ಹೋಗಿದ್ದೇನೆ. ಬುಕ್ ಮಾಡುವಾಗಲೇ ಕಂಪನಿಗೆ ಹೇಳಿಬಿಡಿ, ಮುಚ್ಚಿಡಬೇಡಿ. ಯಾವ ದೋಣಿಯಲ್ಲಿ ಕೂರಿಸಬೇಕು ಎಂದು ನಾವು ಆಗಲೇ ಯೋಚಿಸುತ್ತೇವೆ.

ನದಿಯ ಮೇಲೆ ಇರುವಷ್ಟು ಹೊತ್ತೂ ಲೈಫ್ ಜಾಕೆಟ್ ಕಡ್ಡಾಯ. ಅದು ಸಡಿಲವಾಗಿದ್ದರೆ ಇದ್ದೂ ಇಲ್ಲದಂತೆ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಯ ತನಕ ಬಂದರೆ, ಪಟ್ಟಿಗಳನ್ನು ಇನ್ನೂ ಬಿಗಿ ಮಾಡಬೇಕು. ಬೆಳಿಗ್ಗೆ ಬಿಗಿ ಮಾಡಿದ್ದು ಮಧ್ಯಾಹ್ನಕ್ಕೆ ಸಡಿಲವಾಗುತ್ತದೆ. ದೊಡ್ಡ ರ‍್ಯಾಪಿಡ್‌ಗೆ (ನೀರು ರಭಸದಿಂದ ಧುಮುಕುವ ಜಾಗಕ್ಕೆ) ಮೊದಲು ನಾನು ಒಬ್ಬೊಬ್ಬರದ್ದೂ ಎಳೆದು ನೋಡುತ್ತೇನೆ.

ಬಿದ್ದರೆ ಮೊದಲು ತಟ್ಟುವುದು ಚಳಿ. ಮೇಲೆ 42 ಡಿಗ್ರಿ ಬಿಸಿಲು ಇದ್ದರೂ, ಪ್ರವಾಸ ಶುರುವಾಗುವ ಲೀಸ್ ಫೆರಿಯಲ್ಲಿ ನೀರು ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಷ್ಟೇ. ಕಾರಣ ಅದಕ್ಕೂ ಮೇಲೆ ನದಿಗೆ ಕಟ್ಟಿರುವ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು. 1963ರಲ್ಲಿ ಅದರ ಬಾಗಿಲು ಮುಚ್ಚಿದ ಮೇಲೆ ನಮಗೆ ಬರುವುದು ಲೇಕ್ ಪೊವೆಲ್ ಜಲಾಶಯದ ಆಳದ ನೀರು. ಅಲ್ಲಿಗೆ ಬಿಸಿಲು ತಲುಪುವುದಿಲ್ಲ. ಜಲಾಶಯ ತುಂಬಾ ಇಳಿದ ವರ್ಷಗಳಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ಆದರೂ ಮೊದಲ ಒಂದು ನಿಮಿಷ ಉಸಿರು ನಿಮ್ಮ ಮಾತು ಕೇಳುವುದಿಲ್ಲ, ಏದುಸಿರು ಬರುತ್ತದೆ. ಅದು ದೇಹದ ಗುಣ, ತಾನಾಗಿ ಇಳಿಯುತ್ತದೆ. ಆ ಒಂದು ನಿಮಿಷ ಗಾಬರಿಯಾಗದೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ದೋಣಿಯ ಸುತ್ತ ಹಗ್ಗ ಕಟ್ಟಿರುತ್ತದೆ. ಸಿಕ್ಕರೆ ಅದನ್ನು ಹಿಡಿದುಕೊಳ್ಳಿ. ಸಿಗದಿದ್ದರೆ ಬೆನ್ನ ಮೇಲೆ ತೇಲಿ, ಕಾಲು ಮುಂದಕ್ಕೆ ಚಾಚಿ, ಬೆರಳುಗಳು ನೀರಿನ ಮೇಲೆ ಕಾಣುವಂತೆ ಇರಲಿ. ಅಲೆಯ ತುದಿಯಲ್ಲಿ ಬಾಯಿ ಮುಚ್ಚಿ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಉಸಿರು ತೆಗೆದುಕೊಳ್ಳಿ. ಹರಿವ ನೀರಲ್ಲಿ ಎದ್ದು ನಿಲ್ಲಲು ಹೋಗಲೇಬೇಡಿ. ಪಾದ ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಸೆಳವು ನಿಮ್ಮನ್ನು ಮುಂದಕ್ಕೆ ಮಡಚಿಹಾಕುತ್ತದೆ.

ಅವರೇ ಮತ್ತೆ: ಇಡೀ ದೋಣಿಯೇ ಮಗುಚಿದರೆ?

ಉತ್ತರ: ದೋಣಿಯ ಕೆಳಗೆ ಸಿಕ್ಕಿದ್ದೀರಿ ಅನ್ನಿಸಿದರೆ ಎರಡೂ ಕೈ ಮೇಲೆತ್ತಿ, ರಬ್ಬರ್ ತಡವುತ್ತಾ ಒಂದೇ ದಿಕ್ಕಿಗೆ ಸಾಗಿ. ದಿಕ್ಕು ಬದಲಿಸಬೇಡಿ. ಅಂಚು ಸಿಕ್ಕೇ ಸಿಗುತ್ತದೆ. ಹೊರಗೆ ಬಂದ ಮೇಲೆ ನೀರು ಹರಿದು ಬರುವ ಕಡೆ, ಅಂದರೆ ದೋಣಿಯ ಹಿಂದೆ ಇರಿ. ಮುಂದೆ ಇದ್ದರೆ ದೋಣಿಗೂ ಬಂಡೆಗೂ ನಡುವೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಮಗುಚದ ಹಾಗೆ ತಡೆಯುವುದರಲ್ಲೂ ನಿಮ್ಮ ಪಾಲಿದೆ. ಗೈಡ್ "ಹೈ ಸೈಡ್" ಎಂದು ಕೂಗಿದರೆ ದೋಣಿಯ ಯಾವ ಬದಿ ಮೇಲೇಳುತ್ತಿದೆಯೋ ಆ ಬದಿಗೆ ಎಲ್ಲರೂ ಮೈಭಾರ ಹಾಕಬೇಕು. ಮನಸ್ಸು ಹೇಳುವುದು ಇದಕ್ಕೆ ಉಲ್ಟಾ, ಹಿಂದೆ ಸರಿ ಅಂತ. ಅದಕ್ಕೇ ಮೊದಲ ದಿನವೇ ಶಾಂತ ನೀರಲ್ಲಿ ಇದನ್ನು ನಾಲ್ಕೈದು ಸಲ ಮಾಡಿಸುತ್ತೇನೆ.

ಪ್ರಶ್ನೆ: ಮೋಟಾರ್ ದೋಣಿನಾ, ಹುಟ್ಟಿನ ದೋಣಿನಾ? ಯಾವುದು ಒಳ್ಳೆಯದು? ನಮಗೆ ರಜೆ ಇರುವುದು ಹತ್ತು ದಿನ.

ಉತ್ತರ: ಲೀಸ್ ಫೆರಿಯಿಂದ ಕ್ಯಾನ್ಯನ್‌ನ ಕೊನೆಯಲ್ಲಿರುವ ಪಿಯರ್ಸ್ ಫೆರಿಗೆ 280 ಮೈಲಿ, ಅಂದರೆ ಸುಮಾರು 450 ಕಿಲೋಮೀಟರ್. ಮೋಟಾರ್ ರಾಫ್ಟ್‌ನಲ್ಲಿ ಕ್ಯಾನ್ಯನ್ ದಾಟಲು ಆರೇಳು ದಿನ ಸಾಕು. ಹುಟ್ಟು ಹಾಕಿಕೊಂಡು ಹೋದರೆ ಎರಡು ವಾರ ಅಥವಾ ಅದಕ್ಕೂ ಜಾಸ್ತಿ. ಮೋಟಾರ್‌ಗೆ ಅನುಮತಿ ಇರುವುದು ಏಪ್ರಿಲ್ 1ರಿಂದ ಸೆಪ್ಟೆಂಬರ್ 15ರವರೆಗೆ ಮಾತ್ರ.

ನನ್ನ ಮನಸ್ಸು ಹುಟ್ಟಿನ ಕಡೆಗೇ ಇದೆ. ಎಂಜಿನ್ ಇಲ್ಲದಿದ್ದರೆ ರ‍್ಯಾಪಿಡ್‌ನ ಸದ್ದು ಅರ್ಧ ಮೈಲಿ ಮೊದಲೇ ಕೇಳುತ್ತದೆ. ಗೋಡೆಗಳ ನಡುವೆ ಕ್ಯಾನ್ಯನ್ ರೆನ್ ಎಂಬ ಪುಟ್ಟ ಹಕ್ಕಿ ಮೇಲಿನಿಂದ ಕೆಳಕ್ಕೆ ಜಾರುವಂತೆ ಹಾಡುತ್ತದೆ, ಅದೂ ಕೇಳುತ್ತದೆ. ಆದರೂ ಹತ್ತು ದಿನ ಮಾತ್ರ ಇದ್ದರೆ, ಅರ್ಧ ನದಿಯನ್ನು ಹುಟ್ಟಿನಲ್ಲಿ ನೋಡುವುದಕ್ಕಿಂತ ಪೂರ್ತಿ ನದಿಯನ್ನು ಮೋಟಾರ್‌ನಲ್ಲಿ ನೋಡಿ. ಈ ಮಾತಿಗೆ ನನ್ನ ಜೊತೆಯ ಗೈಡ್‌ಗಳು ಒಪ್ಪುವುದಿಲ್ಲ. ನಾನು ಮಾತ್ರ ಹಾಗೇ ಹೇಳುತ್ತೇನೆ. ಮೇಲ್ಭಾಗದ ಬಣ್ಣದ ಗೋಡೆಗಳು, ನಡುವಿನ ಕಪ್ಪು ಕೊರಕಲು, ಕೆಳಭಾಗದ ಲಾವಾ ಬಂಡೆಗಳು, ಮೂರನ್ನೂ ನೋಡಬೇಕು.

ಪ್ರಶ್ನೆ: ಅರ್ಧ ಪ್ರವಾಸ ಅಗ್ಗ ಅಂತ ಅದನ್ನೇ ನೋಡುತ್ತಿದ್ದೆ. ಅಮ್ಮನಿಗೆ ಮಂಡಿ ನೋವಿದೆ. ತೊಂದರೆ ಆಗುತ್ತಾ?

ಉತ್ತರ: ಆಗುತ್ತದೆ. ಅರ್ಧ ಪ್ರವಾಸದಲ್ಲಿ ಜನ ಬದಲಾಗುವುದು ಕಣಿವೆಯ ತಳದಲ್ಲಿರುವ ಫ್ಯಾಂಟಮ್ ರಾಂಚ್ ಹತ್ತಿರ, ಲೀಸ್ ಫೆರಿಯಿಂದ ಎಣಿಸಿದರೆ 88ನೇ ಮೈಲಿಯಲ್ಲಿ. ಅಲ್ಲಿಗೆ ರಸ್ತೆ ಇಲ್ಲ. ಮೇಲಿನ ಅರ್ಧ ಮುಗಿಸಿದವರು ಬ್ರೈಟ್ ಏಂಜೆಲ್ ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ನಡೆದು, 1,300 ಮೀಟರ್‌ಗೂ ಜಾಸ್ತಿ ಎತ್ತರ ಹತ್ತಬೇಕು. ಕೆಳಗಿನ ಅರ್ಧಕ್ಕೆ ಬರುವವರು ಮೇಲಿನಿಂದ ನಡೆದು ಇಳಿದು ಬರಬೇಕು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅಮ್ಮನ ಜೊತೆ ಬರುವುದಾದರೆ ಪೂರ್ತಿ ಪ್ರವಾಸವನ್ನೇ ನೋಡಿ, ದುಡ್ಡು ಕೂಡಿಸಲು ಇನ್ನೊಂದು ವರ್ಷ ಹಿಡಿದರೂ ಪರವಾಗಿಲ್ಲ.

ಪ್ರಶ್ನೆ: ಲಾವಾ ಫಾಲ್ಸ್ ಎಂಬ ರ‍್ಯಾಪಿಡ್‌ನ ವಿಡಿಯೋ ನೋಡಿ ಎದೆ ನಡುಗಿತು. ಇಂಥವು ದಿನಾ ಇರುತ್ತವಾ? ಇಷ್ಟೊಂದು ರ‍್ಯಾಪಿಡ್ ಯಾಕೆ ಬಂದಿವೆ?

ಉತ್ತರ: ದಿನಾ ಇರುವುದಿಲ್ಲ. ಈ ನದಿ ಕ್ಯಾನ್ಯನ್ ಒಳಗೆ ಇಳಿಯುವ ಎತ್ತರದಲ್ಲಿ ಸುಮಾರು ಅರ್ಧವನ್ನು ಹತ್ತನೇ ಒಂದು ಭಾಗ ದೂರದಲ್ಲೇ ಇಳಿದುಬಿಡುತ್ತದೆ. ಆ ಹತ್ತನೇ ಒಂದು ಭಾಗವೇ ರ‍್ಯಾಪಿಡ್‌ಗಳು. ಉಳಿದ ಕಡೆ ನೀರು ಸುಮ್ನೆ ಸಾಗುತ್ತದೆ.

ಯಾಕೆ ಅನ್ನುವ ಪ್ರಶ್ನೆ ನನಗೆ ಬಹಳ ಇಷ್ಟ. ದೊಡ್ಡ ಕಣಿವೆಗೆ ಎರಡೂ ಕಡೆಯಿಂದ ನೂರಾರು ಕಿರುಕಣಿವೆಗಳು ಬಂದು ಸೇರುತ್ತವೆ. ವರ್ಷದ ಬಹುಪಾಲು ಅವು ಒಣಗಿರುತ್ತವೆ. ಎಂದೋ ಒಮ್ಮೆ ಜೋರು ಮಳೆ ಬಿದ್ದರೆ ಕೆಸರು, ಕಲ್ಲು, ಕಾರಿನಷ್ಟು ದೊಡ್ಡ ಬಂಡೆಗಳು ಎಲ್ಲ ಕಲಸಿದ ಹಸಿ ಕಾಂಕ್ರೀಟ್‌ನಂತೆ ನುಗ್ಗಿ ಬಂದು ನದಿಗೆ ಬೀಳುತ್ತವೆ. ನದಿಯ ದಾರಿ ಕಿರಿದಾಗುತ್ತದೆ. ನೀರು ಮೇಲೆ ತಡೆದು ನಿಂತು, ಆ ಇಕ್ಕಟ್ಟಿನಲ್ಲಿ ಧುಮುಕುತ್ತದೆ. ಅದೇ ರ‍್ಯಾಪಿಡ್. ಹಾಗಾಗಿ ಹೆಚ್ಚಿನ ರ‍್ಯಾಪಿಡ್‌ಗಳ ಪಕ್ಕದಲ್ಲಿ ಒಂದು ಕಿರುಕಣಿವೆಯ ಬಾಯಿ ಕಾಣುತ್ತದೆ. 98ನೇ ಮೈಲಿಯ ಕ್ರಿಸ್ಟಲ್ ರ‍್ಯಾಪಿಡ್ 1966ರ ಡಿಸೆಂಬರ್‌ಗೆ ಮೊದಲು ದೊಡ್ಡ ವಿಷಯವೇ ಆಗಿರಲಿಲ್ಲ. ಆ ತಿಂಗಳ ಒಂದು ಮಳೆಗೆ ಬಂಡೆಗಳು ಬಂದು ಬಿದ್ದವು. ಈಗ ಅದು ನದಿಯ ಅತಿ ಕಠಿಣ ಜಾಗಗಳಲ್ಲಿ ಒಂದು.

ಇಲ್ಲಿ ರ‍್ಯಾಪಿಡ್‌ಗಳಿಗೆ 1ರಿಂದ 10ರ ತನಕ ಅಂಕ ಕೊಡುತ್ತೇವೆ. ಬೇರೆ ಕಡೆ ಇರುವುದು 1ರಿಂದ 6. "ಎಂಟು" ಎಂದು ಕೇಳಿ ಹೆದರಬೇಡಿ, ಅಳತೆಗೋಲೇ ಬೇರೆ. ಅಂಕವೂ ಒಂದೇ ಇರುವುದಿಲ್ಲ. ವಿದ್ಯುತ್ತಿನ ಬೇಡಿಕೆ ನೋಡಿಕೊಂಡು ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಹಗಲು ಜಾಸ್ತಿ, ರಾತ್ರಿ ಕಡಿಮೆ. ಬಿಟ್ಟ ನೀರು ನಮ್ಮ ಹತ್ತಿರ ಬರುವುದು ಎಷ್ಟೋ ಗಂಟೆಗಳ ನಂತರ. ರಾತ್ರಿ ಮರಳಿನಲ್ಲಿ ಒಂದು ಕಡ್ಡಿ ನೆಟ್ಟು ಮಲಗುತ್ತೇನೆ. ಬೆಳಿಗ್ಗೆ ನೀರು ಆ ಕಡ್ಡಿಯಿಂದ ಎಷ್ಟು ದೂರ ಇದೆ ಎಂದು ನೋಡಿದರೆ ಆ ದಿನ ಎಂಥದ್ದು ಎಂದು ತಿಳಿಯುತ್ತದೆ.

ಲಾವಾ ಫಾಲ್ಸ್ ಬರುವುದು 179ನೇ ಮೈಲಿಯಲ್ಲಿ. ಅಷ್ಟೊತ್ತಿಗೆ ನೀವು ಹತ್ತಾರು ರ‍್ಯಾಪಿಡ್ ದಾಟಿರುತ್ತೀರಿ. ಅದಕ್ಕೆ ಒಂದು ಮೈಲಿ ಮೊದಲು ನದಿಯ ನಡುವೆ ವಲ್ಕನ್ಸ್ ಆನ್ವಿಲ್ ಎಂಬ ಕಪ್ಪು ಲಾವಾ ಬಂಡೆ ನಿಂತಿದೆ. ಅಲ್ಲಿಂದ ದೋಣಿಯಲ್ಲಿ ಮಾತು ಕಡಿಮೆಯಾಗುತ್ತದೆ. ದಡಕ್ಕೆ ಕಟ್ಟಿ, ಮೇಲೆ ಹತ್ತಿ, ನಾವು ಗೈಡ್‌ಗಳು ನೀರು ಓದುತ್ತೇವೆ. ನಡುವೆ ನೀರು ಧುಮುಕಿ ಹಿಂದಕ್ಕೆ ಸುರುಳಿ ಸುತ್ತುವ ಒಂದು ದೊಡ್ಡ ಹೊಂಡ ಇದೆ, ಅದರೊಳಗೆ ಹೋಗಬಾರದು. ಬಲಗಡೆನಾ ಎಡಗಡೆನಾ ಎಂಬುದು ಆ ದಿನದ ನೀರಿನ ಮಟ್ಟದ ಮೇಲೆ ನಿಂತಿದೆ. ಒಳಗೆ ಹೋದ ಮೇಲೆ ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಇಷ್ಟು ವರ್ಷ ಆದರೂ ಅಲ್ಲಿ ನನ್ನ ಬಾಯಿ ಒಣಗುತ್ತದೆ.

ಪ್ರಶ್ನೆ: ಕೇಳಲು ಮುಜುಗರ. ಶೌಚಕ್ಕೆ ಏನು ಮಾಡುತ್ತೀರಿ? ಹೆಂಗಸರಿಗೆ?

ಉತ್ತರ: ಮುಜುಗರ ಬೇಡ. ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಯೇ ಇದು.

ಮೂತ್ರ ನದಿಗೇ. ಕೇಳಿದವರಿಗೆಲ್ಲ ವಿಚಿತ್ರ ಅನ್ನಿಸುತ್ತದೆ. ಆದರೆ ಇದು ಮರುಭೂಮಿ. ಮಳೆ ಬಂದು ಮರಳನ್ನು ತೊಳೆಯುವುದಿಲ್ಲ. ವರ್ಷಕ್ಕೆ 20 ಸಾವಿರಕ್ಕೂ ಹೆಚ್ಚು ಜನ ಇದೇ ಮರಳು ದಂಡೆಗಳಲ್ಲಿ ಮಲಗುತ್ತಾರೆ. ದಡದಲ್ಲಿ ಮಾಡಿದರೆ ನಾಲ್ಕೇ ವಾರಕ್ಕೆ ಅಲ್ಲಿ ನಿಲ್ಲಲಾಗದು. ನದಿ ದೊಡ್ಡದು, ಕರಗಿ ಹೋಗುತ್ತದೆ. ಕಿರುಕಣಿವೆಯ ತೊರೆಗಳಲ್ಲಿ ಮಾತ್ರ ಮಾಡಬಾರದು.

ಮಲವನ್ನು ಪೂರ್ತಿಯಾಗಿ ಹೊರಗೆ ಹೊತ್ತು ತರುತ್ತೇವೆ, ಕೊನೆಯ ದಿನದವರೆಗೆ. ಅದಕ್ಕೆ ಗಟ್ಟಿ ಮುಚ್ಚಳದ ಲೋಹದ ಪೆಟ್ಟಿಗೆ ಇದೆ. ಹೆಸರು "ಗ್ರೂವರ್". ಹಿಂದೆ ಅದಕ್ಕೆ ಸೀಟು ಇರಲಿಲ್ಲ, ಕೂತವರ ತೊಡೆ ಮೇಲೆ ಗೆರೆ ಮೂಡುತ್ತಿತ್ತು, ಅದಕ್ಕೇ ಆ ಹೆಸರು. ಈಗ ಸೀಟು ಇದೆ. ಕ್ಯಾಂಪಿನಿಂದ ದೂರ, ಮರೆಯಲ್ಲಿ, ಬಹಳ ಸಲ ನದಿ ಕಾಣುವ ಜಾಗದಲ್ಲಿ ಇಡುತ್ತೇವೆ. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ತನ್ನಿ, ಬಳಸಿದ್ದನ್ನು ಹಾಕಲು ಪ್ರತ್ಯೇಕ ಚೀಲ ಇರುತ್ತದೆ. ಗುಂಪಿನಲ್ಲಿ ಹೆಂಗಸು ಗೈಡ್ ಇದ್ದರೆ ಮೊದಲ ದಿನವೇ ಅವರ ಜೊತೆ ಮಾತಾಡಿ.

ಇನ್ನು ಕೈ ತೊಳೆಯುವುದು. ಇದನ್ನು ನಾನು ರ‍್ಯಾಪಿಡ್‌ನಷ್ಟೇ ಗಂಭೀರವಾಗಿ ಹೇಳುತ್ತೇನೆ. ನೊರೊವೈರಸ್ ಒಬ್ಬರಿಗೆ ಬಂದರೆ ಮೂರು ದಿನದಲ್ಲಿ ಇಡೀ ಗುಂಪು ವಾಂತಿ ಭೇದಿಯಲ್ಲಿ ಮಲಗುತ್ತದೆ. ಸ್ಯಾನಿಟೈಸರ್ ಅದಕ್ಕೆ ಸಾಲದು. ಸೋಪು ಹಚ್ಚಿ ಉಜ್ಜಬೇಕು.

ಪ್ರಶ್ನೆ: ಜೂನ್, ಜುಲೈನಲ್ಲಿ ಬಿಸಿಲು ತಡೆಯಬಹುದಾ? ನೀರು ಚೆನ್ನಾಗಿ ಕುಡಿದರೆ ಸಾಕಲ್ವಾ?

ಉತ್ತರ: ಸಾಲುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಮ್ಮೆ ನನ್ನ ದೋಣಿಯಲ್ಲಿ ಒಬ್ಬರಿದ್ದರು, ತುಂಬಾ ಶಿಸ್ತಿನ ಮನುಷ್ಯ. ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿ ನೀರು ಕುಡಿಯುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಮೂರನೇ ದಿನ ಸಂಜೆ ತಲೆನೋವು, ವಾಕರಿಕೆ. ನಂತರ ಮಾತು ತೊದಲಿತು, ತಾವು ಎಲ್ಲಿದ್ದೇವೆ ಎಂದೇ ತಿಳಿಯಲಿಲ್ಲ. ಬಿಸಿಲು ತಗುಲಿದೆ, ಇನ್ನಷ್ಟು ನೀರು ಕೊಡಿ ಎಂದು ಪಕ್ಕದವರು ಹೇಳುತ್ತಿದ್ದರು. ಕೊಟ್ಟಿದ್ದರೆ ಕೆಟ್ಟದಾಗುತ್ತಿತ್ತು. ಬೆವರಿನಲ್ಲಿ ಉಪ್ಪು ಹೋಗಿತ್ತು, ಬರೀ ನೀರು ಕುಡಿದು ರಕ್ತದ ಸೋಡಿಯಂ ಇಳಿದಿತ್ತು. ಸ್ಯಾಟಲೈಟ್ ಫೋನ್‌ನಲ್ಲಿ ಕರೆ ಮಾಡಿದೆವು, ಹೆಲಿಕಾಪ್ಟರ್ ಬಂತು. ಅವರು ಚೇತರಿಸಿಕೊಂಡರು.

ಅಂದಿನಿಂದ ನಾನು "ನೀರು ಕುಡಿದಿರಾ" ಎಂದು ಕೇಳುವುದಿಲ್ಲ. "ಏನು ತಿಂದಿರಿ" ಎಂದು ಕೇಳುತ್ತೇನೆ. ಬಾಯಾರಿದಾಗ ಕುಡಿಯಿರಿ, ಜೊತೆಗೆ ಉಪ್ಪಿರುವ ಏನಾದರೂ ತಿನ್ನಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಉದ್ದ ತೋಳಿನ ಹತ್ತಿ ಅಂಗಿ ತನ್ನಿ. ಬಿಸಿಲಲ್ಲಿ ಅದನ್ನು ನದಿಯಲ್ಲಿ ಅದ್ದಿ ಹಾಕಿಕೊಂಡರೆ ಒಂದು ಗಂಟೆ ತಂಪು. ಜೊತೆಗೆ ಒಳ್ಳೆಯ ಮಳೆ ಜಾಕೆಟ್ ಮತ್ತು ಪ್ಯಾಂಟ್ ಕೂಡ ಬೇಕು. ಮರುಭೂಮಿಗೆ ಅದ್ಯಾಕೆ ಎಂದು ಜನ ಬಿಟ್ಟು ಬರುತ್ತಾರೆ. ಬೆಳಿಗ್ಗೆ ನೆರಳಿನ ಕೊರಕಲಲ್ಲಿ ಆ ತಣ್ಣೀರು ಮೇಲೆ ಬಿದ್ದಾಗ ಹಲ್ಲು ಕಡಿಯುತ್ತಾ ಕೂರುವವರು ಅವರೇ.

ಇನ್ನೊಂದು ಮಾತು. ಜುಲೈನಿಂದ ಸೆಪ್ಟೆಂಬರ್ ನಡುವಿನ ತನಕ ಇಲ್ಲಿ ಮಾನ್ಸೂನ್. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇದ್ದರೂ ದೂರದಲ್ಲಿ ಬಿದ್ದ ಮಳೆ ಕಿರುಕಣಿವೆಯಲ್ಲಿ ಪ್ರವಾಹವಾಗಿ ಬರಬಹುದು. ಗೈಡ್ "ಇವತ್ತು ಒಳಗೆ ನಡೆಯುವುದು ಬೇಡ" ಎಂದರೆ ದಯವಿಟ್ಟು ವಾದ ಮಾಡಬೇಡಿ.

ಪ್ರಶ್ನೆ: ಹಾವು, ಚೇಳು?

ಉತ್ತರ: ಎರಡೂ ಇವೆ. ಬೆಳಿಗ್ಗೆ ಶೂ ಕೊಡವಿ ಹಾಕಿ, ರಾತ್ರಿ ಬರಿಗಾಲಲ್ಲಿ ಓಡಾಡಬೇಡಿ, ಕಾಣದ ಕಡೆ ಕೈ ಇಡಬೇಡಿ. ನಾನು ಕಟ್ಟಿದ ಬ್ಯಾಂಡೇಜ್‌ಗಳಲ್ಲಿ ಹೆಚ್ಚಿನವು ದಡದಲ್ಲಿ ಕಾಲು ಎಡವಿದವರದ್ದು, ಕಣಕಾಲು ಉಳುಕಿದವರದ್ದು.

ಪ್ರಶ್ನೆ: ನಮ್ಮ ತಂಡ ಹತ್ತು ವರ್ಷದಿಂದ ಕಯಾಕ್ ಮಾಡುತ್ತಿದೆ. ಗೈಡ್ ಇಲ್ಲದೆ ಹೋಗಬಹುದಾ?

ಉತ್ತರ: ಹೋಗಬಹುದು. ನ್ಯಾಷನಲ್ ಪಾರ್ಕ್ ಸರ್ವಿಸ್ ಲಾಟರಿ ಮೂಲಕ ಪರವಾನಗಿ ಕೊಡುತ್ತದೆ. ಒಂದು ಗುಂಪಿನಲ್ಲಿ ಹೆಚ್ಚೆಂದರೆ 16 ಜನ. ಗೈಡ್ ಜೊತೆ ಹೋದರೂ ಹೋಗದಿದ್ದರೂ ಒಬ್ಬರಿಗೆ ವರ್ಷಕ್ಕೆ ಒಂದೇ ಪ್ರವಾಸ. ನಿಮಗೆ ಹುಟ್ಟು ಹಾಕಲು ಬರುತ್ತದೆ, ಒಪ್ಪಿದೆ. ಆದರೆ ಎರಡು ವಾರದ ಊಟ, ಗ್ರೂವರ್, ಔಷಧಿ ಎಲ್ಲ ತುಂಬಿದ ರಾಫ್ಟ್ ಒಂದು ಟನ್ ತೂಗಬಹುದು. ಅದು ಕಯಾಕ್‌ನಂತೆ ತಿರುಗುವುದಿಲ್ಲ. ಭಾರದ ದೋಣಿಯನ್ನು ಬೇರೆ ನದಿಯಲ್ಲಿ ಒಂದೆರಡು ವಾರ ನಡೆಸಿ, ಆಮೇಲೆ ಅರ್ಜಿ ಹಾಕಿ.

ಮೊದಲು ಕೇಳಿದವರು: ಬುಕ್ ಮಾಡುವ ಧೈರ್ಯ ಬಂತು. ಗೈಡ್‌ಗಳಿಗೆ ಕಷ್ಟವಾಗದ ಹಾಗೆ ನಾನು ಏನು ಮಾಡಬೇಕು?

ಉತ್ತರ: ಓದಿ ಖುಷಿಯಾಯಿತು. ಸಂಜೆ ದಡ ಸೇರಿದಾಗ ಎಲ್ಲರೂ ಸಾಲಾಗಿ ನಿಂತು ಚೀಲಗಳನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಟೆಂಟ್ ಜಾಗ ಹಿಡಿಯಲು ಓಡುವ ಮೊದಲು ಆ ಸಾಲಿನಲ್ಲಿ ನಿಲ್ಲಿ. ಕಾಲಲ್ಲಿ ಬೊಕ್ಕೆ, ತಲೆಸುತ್ತು, ಭಯ, ಏನೇ ಇದ್ದರೂ ಚಿಕ್ಕದಿರುವಾಗಲೇ ನನ್ನಂಥವರಿಗೆ ಹೇಳಿ. ಮತ್ತೆ, ಹೊರಡುವ ಮುಂಚೆ ಈಜುಕೊಳದಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಬೆನ್ನ ಮೇಲೆ ತೇಲುವುದನ್ನು ನಾಲ್ಕು ದಿನ ಮಾಡಿ.

ನಾಳೆ ಬೆಳಿಗ್ಗೆ ಲೀಸ್ ಫೆರಿಯಲ್ಲಿ ರಾಫ್ಟ್‌ಗೆ ಗಾಳಿ ತುಂಬಬೇಕು. ಮುಂದಿನ 16 ದಿನ ನನಗೆ ಸಿಗ್ನಲ್ ಇರುವುದಿಲ್ಲ. ಪ್ರಶ್ನೆ ಬರೆದಿಡಿ, ಹೊರಗೆ ಬಂದ ಮೇಲೆ ಒಂದೊಂದಾಗಿ ಉತ್ತರಿಸುತ್ತೇನೆ.