ಪ್ರಶ್ನೋತ್ತರ: ಪರಿಸರ ಆರೋಗ್ಯ ವಿಭಾಗದ ಹೊಣೆ ಹೊತ್ತವರು ಮೊದಲು ಏನು ನೋಡಬೇಕು?

ಪ್ರಶ್ನೆ: ಸ್ಥಳೀಯ ಸಂಸ್ಥೆಯೊಂದರ ಪರಿಸರ ಆರೋಗ್ಯ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದಿದ್ದೇನೆ. ಕುಡಿಯುವ ನೀರು, ಹೋಟೆಲು-ಕ್ಯಾಂಟೀನುಗಳ ತಪಾಸಣೆ, ಸೊಳ್ಳೆ, ಚರಂಡಿ, ಜನರ ದೂರು ಎಲ್ಲ ನಮ್ಮ ಪಾಲಿಗೇ. ನಿರೀಕ್ಷಕರು ಬೆರಳೆಣಿಕೆಯಷ್ಟು. ಮೇಲಿನವರು ಕೇಳೋದು ಒಂದೇ, ಈ ತಿಂಗಳು ಎಷ್ಟು ತಪಾಸಣೆ ಆಯ್ತು ಅಂತ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೊಸ ಯೋಜನೆ ಸದ್ಯಕ್ಕೆ ಬೇಡ. ನೀರಿನ ಕ್ಲೋರಿನ್ ದಾಖಲೆ ಪುಸ್ತಕ (ರೋಗಾಣು ಕೊಲ್ಲೋಕೆ ಹಾಕಿದ ಕ್ಲೋರಿನ್ ನಲ್ಲಿ ನೀರಲ್ಲಿ ಎಷ್ಟು ಉಳಿದಿದೆ ಅಂತ ಬರೆಯೋ ಪುಸ್ತಕ) ತರಿಸಿಕೊಂಡು ಹಿಂದಿನ ಕೆಲವು ತಿಂಗಳ ಪುಟಗಳನ್ನು ತಿರುವಿ ಹಾಕಿ. ಪ್ರತಿದಿನ ಲೀಟರಿಗೆ 0.5 ಮಿಲಿಗ್ರಾಂ, ಮತ್ತೆ 0.5, ಮತ್ತೆ 0.5 ಅಂತಲೇ ಇದ್ದರೆ ಅನುಮಾನಪಡಿ. ನಲ್ಲಿಯಲ್ಲಿ ಬರೋ ನೀರಿನ ಕ್ಲೋರಿನ್ ಹಾಗೆ ಒಂದೇ ಕಡೆ ನಿಲ್ಲೋದಿಲ್ಲ. ಮಳೆ ಸುರಿದ ಮಾರನೇ ದಿನ, ಪೈಪ್ ಒಡೆದ ದಿನ, ಬಿಸಿಲು ಏರಿದ ವಾರ ಏರುಪೇರು ಕಾಣಲೇಬೇಕು. ಕಾಣದಿದ್ದರೆ ಯಾರೋ ಅಳೆಯದೇ ಬರೆಯುತ್ತಿದ್ದಾರೆ ಅಂತ ಅರ್ಥ.

ಇದನ್ನೇ ಮೊದಲು ಹೇಳೋಕೆ ಕಾರಣ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅಂತ ಸುಮಾರು 4,800 ಜನರ ಊರು. 2000ನೇ ಇಸವಿ ಮೇ ತಿಂಗಳಲ್ಲಿ ಜೋರು ಮಳೆಯಾಗಿ, ದನದ ಸಗಣಿಯಲ್ಲಿದ್ದ ಬ್ಯಾಕ್ಟೀರಿಯಾ ಊರಿಗೆ ನೀರು ಕೊಡುತ್ತಿದ್ದ ಒಂದು ಬಾವಿಗೆ ಸೇರಿತು. 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಜನ ತೀರಿಕೊಂಡರು. ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಿದ್ದದ್ದು ಏನು ಗೊತ್ತಾ? ನೀರು ನೋಡಿಕೊಳ್ಳುತ್ತಿದ್ದವರು ವರ್ಷಗಟ್ಟಲೆ ಕ್ಲೋರಿನ್ ಸರಿಯಾಗಿ ಅಳೆಯದೆ 0.5, 0.75 ಅಂತ ಪುಸ್ತಕ ತುಂಬಿಸುತ್ತಿದ್ದರು. ಲ್ಯಾಬ್‌ನಿಂದ ಕೆಟ್ಟ ವರದಿ ಬಂದ ಮೇಲೂ ಆರೋಗ್ಯ ಇಲಾಖೆಗೆ ತಿಳಿಸಲಿಲ್ಲ, ಇಲಾಖೆಯವರೇ ಫೋನ್ ಮಾಡಿ ಕೇಳಿದಾಗ ನೀರು ಚೆನ್ನಾಗಿದೆ ಅಂದರು. ಪುಸ್ತಕದ ಪ್ರಕಾರ ಆ ಊರಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ಹಾಗಾಗಿ ಮುಖ್ಯಸ್ಥರ ಕೆಲಸದಲ್ಲಿ ಅತಿ ಮುಖ್ಯವಾದದ್ದು, ನನ್ನ ಪ್ರಕಾರ, ಕೆಟ್ಟ ಸಂಖ್ಯೆ ನಿಮ್ಮ ಮೇಜಿಗೆ ಬರೋಕೆ ದಾರಿ ಮಾಡಿಕೊಡೋದು. ಸುಳ್ಳು ಬರೆಯೋ ಸಿಬ್ಬಂದಿ ಎಲ್ಲರೂ ಕೆಟ್ಟವರಲ್ಲ. ನಿಜ ಬರೆದರೆ ಬೈಗುಳ, ವಿವರಣೆ ಕೇಳಿ ಮೆಮೊ, ವಾರಗಟ್ಟಲೆ ಓಡಾಟ. 0.5 ಬರೆದರೆ ಯಾರೂ ಏನೂ ಕೇಳೋದಿಲ್ಲ. ನೀವು ಬಂದ ಮೇಲೆ ಯಾರಾದರೂ ಮೊದಲ ಸಲ ಸೊನ್ನೆ ಬರೆದು ತಂದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನೋದನ್ನು ಇಡೀ ವಿಭಾಗ ನೋಡುತ್ತಿರುತ್ತದೆ. ಥ್ಯಾಂಕ್ಸ್ ಹೇಳಿ, ಅವರ ಜೊತೆಗೇ ಆ ನಲ್ಲಿ ಹತ್ತಿರ ಹೋಗಿ.

ಹೋದಾಗ ಅಳೆಯೋದನ್ನು ಕಣ್ಣಾರೆ ನೋಡಿ. ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ನೀರು ಹರಿಯಲಿ, ಗಾಜಿನ ಕುಪ್ಪಿಯನ್ನು ಅದೇ ನೀರಲ್ಲಿ ತೊಳೆದು ಗೆರೆಯವರೆಗೆ ತುಂಬಿ, ಡಿಪಿಡಿ ಮಾತ್ರೆ (ಕ್ಲೋರಿನ್ ಪರೀಕ್ಷೆಯ ಮಾತ್ರೆ) ಪುಡಿ ಮಾಡಿ ಹಾಕಲಿ. ಮಾತ್ರೆಯನ್ನು ಬೆರಳಲ್ಲಿ ಮುಟ್ಟಬಾರದು. ಗುಲಾಬಿ ಬಣ್ಣ ಬಂದರೆ ಕ್ಲೋರಿನ್ ಇದೆ, ಗಾಢವಾದಷ್ಟೂ ಹೆಚ್ಚು. ಒಂದು ವಿಷಯ ಬಹಳ ಜನ ಮರೆಯುತ್ತಾರೆ: ಕ್ಲೋರಿನ್ ವಿಪರೀತ ಇದ್ದರೆ ಬಣ್ಣ ಮೂಡಿ ತಕ್ಷಣ ಬಿಳಿಚಿಕೊಂಡು ಸೊನ್ನೆಯ ಹಾಗೆ ಕಾಣುತ್ತದೆ. ಟ್ಯಾಂಕ್ ತೊಳೆದು ಹೆಚ್ಚು ಕ್ಲೋರಿನ್ ಹಾಕಿದ ದಿನ ಸೊನ್ನೆ ಬಂದರೆ, ಕ್ಲೋರಿನ್ ಇಲ್ಲದ ನೀರು ಬೆರೆಸಿ ತೆಳು ಮಾಡಿ ಇನ್ನೊಮ್ಮೆ ನೋಡಿ. ಓದಿದ್ದನ್ನು ಅಲ್ಲೇ ಬರೆಯಬೇಕು, ಕಚೇರಿಗೆ ಬಂದಮೇಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪೈಪ್‌ಲೈನಿನ ಕಟ್ಟಕಡೆಯ ಮನೆಯಲ್ಲಿ ಅಳೆಯಿರಿ. ಟ್ಯಾಂಕಿನ ಬುಡದಲ್ಲಿ ಅಳೆದರೆ ಯಾವತ್ತೂ ಚೆನ್ನಾಗಿಯೇ ಬರುತ್ತದೆ.

ಮರುಪ್ರಶ್ನೆ (ಮೊದಲು ಕೇಳಿದವರೇ): ಒಪ್ಪಿದೆ. ಆದರೆ ನೀರು ಸರಬರಾಜು ವಿಭಾಗವೂ ನಮ್ಮ ಸಂಸ್ಥೆಯದೇ. ಲ್ಯಾಬ್ ವರದಿ ಮೊದಲು ಅವರಿಗೆ ಹೋಗಿ, ಅಲ್ಲಿಂದ ನಮಗೆ ಬರುತ್ತದೆ.

ಉತ್ತರ: ಅದನ್ನು ಈ ವಾರವೇ ಬದಲಾಯಿಸಿ. ವಾಕರ್ಟನ್ನಿನಲ್ಲಿ ಕೈಕೊಟ್ಟದ್ದು ಇದೇ ಕೊಂಡಿ. ಕೆಟ್ಟ ಫಲಿತಾಂಶ ಬಂದ ಕ್ಷಣ ಲ್ಯಾಬ್‌ನವರು ಇಬ್ಬರಿಗೂ ಒಟ್ಟಿಗೆ ಫೋನ್ ಮಾಡಬೇಕು ಅಂತ ಲಿಖಿತ ಒಪ್ಪಂದ ಮಾಡಿಕೊಳ್ಳಿ. ರಜಾದಿನಕ್ಕೆ ಯಾರ ನಂಬರ್ ಅನ್ನೋದೂ ಅದರಲ್ಲಿರಲಿ.

ಇನ್ನೊಬ್ಬರ ಪ್ರಶ್ನೆ: ನಾನೂ ಇಂಥದ್ದೇ ವಿಭಾಗದಲ್ಲಿದ್ದೇನೆ. ತಪಾಸಣೆ ಸಂಖ್ಯೆ ಕಡಿಮೆ ಆದರೆ ನಮ್ಮ ಅನುದಾನಕ್ಕೇ ಕುತ್ತು. ಅದನ್ನು ಬಿಡೋದು ಹೇಗೆ?

ಉತ್ತರ: ಬಿಡಬೇಡಿ, ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿ: ಹೋದ ಸಲ ಕಂಡ ಗಂಭೀರ ಲೋಪಗಳಲ್ಲಿ ಎಷ್ಟು ಸರಿಹೋಗಿವೆ? ಸಂಖ್ಯೆ ಮಾತ್ರ ಕೇಳಿದರೆ ನಿರೀಕ್ಷಕರು ಬೇಗ ಮುಗಿಯುವ ಕಡೆಗೇ ಹೋಗುತ್ತಾರೆ. ಪೊಟ್ಟಣ ಕಟ್ಟಿದ ಬಿಸ್ಕೆಟ್ ಮಾರುವ ಅಂಗಡಿ, ಆಸ್ಪತ್ರೆಯ ಅಡುಗೆಮನೆ ಎರಡಕ್ಕೂ ಲೆಕ್ಕದಲ್ಲಿ ಒಂದೊಂದೇ ಅಂಕ. ಮಕ್ಕಳು, ವೃದ್ಧರು, ರೋಗಿಗಳು ಉಣ್ಣುವ ಜಾಗ, ಮುಂಚೆಯೇ ಬೇಯಿಸಿ ಇಟ್ಟು ಆಮೇಲೆ ಬಡಿಸುವ ಜಾಗ, ಇವಕ್ಕೆ ಪದೇ ಪದೇ ಹೋಗಬೇಕು. ಉಳಿದವಕ್ಕೆ ಅಪರೂಪಕ್ಕೆ ಸಾಕು.

ಹೋದಾಗಲೂ ಗೋಡೆಯ ಟೈಲ್ಸು, ತೂಗುಹಾಕಿದ ಲೈಸೆನ್ಸು ನೋಡಿಕೊಂಡು ಬರೋದಲ್ಲ. ಥರ್ಮಾಮೀಟರ್ ಕೈಯಲ್ಲಿರಲಿ. ಕರಗುತ್ತಿರುವ ಐಸ್ ನೀರಲ್ಲಿ ಅದ್ದಿದಾಗ 0 ಡಿಗ್ರಿ ತೋರಿಸದಿದ್ದರೆ ಅದನ್ನು ನಂಬಬೇಡಿ. ತಣ್ಣಗಿಡಬೇಕಾದದ್ದು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿಯಾಗಿಡಬೇಕಾದದ್ದು 60ಕ್ಕಿಂತ ಮೇಲೆ, ಬೇಯಿಸುವಾಗ ನಡುಭಾಗ 70 ದಾಟಬೇಕು. ಫ್ರಿಜ್ ಬಾಗಿಲಿನ ಡಿಸ್‌ಪ್ಲೇ 4 ಅಂತ ತೋರಿಸುತ್ತಿರುತ್ತದೆ, ಹಿಂದಿನ ರಾತ್ರಿ ಮಾಡಿಟ್ಟ ದೊಡ್ಡ ಪಾತ್ರೆಯ ನಡುವಿಗೆ ಥರ್ಮಾಮೀಟರ್ ಕಡ್ಡಿ ಚುಚ್ಚಿದರೆ ಇನ್ನೂ ಉಗುರುಬೆಚ್ಚಗಿರುತ್ತದೆ. ಅಪಾಯ ಇರೋದು ಆ ಪಾತ್ರೆಯಲ್ಲಿ. ಅಡುಗೆಯವರಿಗೆ ಅಲ್ಲೇ ತೋರಿಸಿ, ಅಗಲ ತಟ್ಟೆಗೆ ತೆಳುವಾಗಿ ಹರಡಿ ಆರಿಸೋದನ್ನು ಹೇಳಿಕೊಡಿ. ದಂಡಕ್ಕಿಂತ ಬೇಗ ಅದು ಫಲ ಕೊಡುತ್ತದೆ.

ಪ್ರಶ್ನೆ: ನೋಟಿಸ್ ಕೊಟ್ಟ ಅರ್ಧ ಗಂಟೆಗೆ ಚುನಾಯಿತ ಸದಸ್ಯರ ಫೋನ್ ಬರುತ್ತದೆ. ಏನು ಹೇಳಲಿ?

ಉತ್ತರ: ಫೋನ್ ಬರೋ ಮುಂಚೆ ಉತ್ತರ ತಯಾರಿರಬೇಕು. ಯಾವ ಲೋಪಕ್ಕೆ ಎಚ್ಚರಿಕೆ, ಯಾವುದಕ್ಕೆ ಗಡುವು, ಯಾವುದಕ್ಕೆ ತಕ್ಷಣ ಬಾಗಿಲು ಮುಚ್ಚಿಸೋದು ಅನ್ನೋದನ್ನು ಕಾನೂನು ಸಲಹೆಗಾರರ ಜೊತೆ ಕೂತು ಬರೆದು, ಸಭೆಯಲ್ಲಿ ಅದೇ ಸದಸ್ಯರಿಂದ ಒಪ್ಪಿಗೆ ಪಡೆಯಿರಿ. ಅಡುಗೆಮನೆಗೆ ಕೊಳಚೆ ಉಕ್ಕಿದರೆ, ನೀರೇ ಇಲ್ಲದಿದ್ದರೆ ಅವತ್ತೇ ಮುಚ್ಚಬೇಕು. ಆಗ "ನೀವೇ ಒಪ್ಪಿದ ನಿಯಮ, ಸರಿಪಡಿಸಿದ ತಕ್ಷಣ ನಾನೇ ಬಂದು ನೋಡುತ್ತೇನೆ" ಅನ್ನಬಹುದು. ಅಷ್ಟು ಹೇಳಿ, ಹೇಳಿದ ಹಾಗೆ ಹೋಗಿ. ಫೋನ್ ಬಂದದ್ದನ್ನು ಕಡತದಲ್ಲಿ ಬರೆದಿಡಿ. ನಿರೀಕ್ಷಕರನ್ನು ಮಾತ್ರ ಆ ಮಾತುಕತೆಗೆ ಎಳೆಯಬೇಡಿ, ಅದನ್ನು ತಡೆದುಕೊಳ್ಳೋಕೇ ನಿಮ್ಮ ಕುರ್ಚಿ ಇರೋದು.

ಪ್ರಶ್ನೆ: ಸೊಳ್ಳೆಗೆ ಫಾಗಿಂಗ್ ಮಾಡಿಸಿ ಅಂತ ಒತ್ತಾಯ. ಮಾಡಿಸಲಾ?

ಉತ್ತರ: ಡೆಂಗಿ ಹರಡುತ್ತಿರುವಾಗ ಹಾರಾಡುವ ಸೊಳ್ಳೆ ಕಡಿಮೆ ಮಾಡೋಕೆ ಸ್ವಲ್ಪ ನೆರವಾಗಬಹುದು, ಆದರೆ ಹೊಗೆಗೆ ಮರಿಹುಳು ಸಾಯೋದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ಬೆಚ್ಚಗಿನ ವಾತಾವರಣದಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು, ಆದ್ದರಿಂದ ನೀರು ತುಂಬಿದ ಪಾತ್ರೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿಸಬೇಕು. ಒಳಗೋಡೆ ಉಜ್ಜಿ ತೊಳೆಯಲಿ, ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಮೊದಲು ಕೇಳಿದವರು: ಕೊನೆಯ ಪ್ರಶ್ನೆ. ನೀರು ಕೆಟ್ಟಿದೆ ಅಂತ ಜನರಿಗೆ ಯಾವಾಗ ಹೇಳಬೇಕು? ಖಚಿತವಾಗೋವರೆಗೆ ಕಾಯಬೇಕಾ?

ಉತ್ತರ: ಮಲದ ಬ್ಯಾಕ್ಟೀರಿಯಾ ಪತ್ತೆಗೆ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಒಂದು ದಿನವಾದರೂ ಹಿಡಿಯುತ್ತದೆ. ಕ್ಲೋರಿನ್ ಸೊನ್ನೆ, ನೀರು ಕದಡಿದೆ, ಒಂದೇ ಬೀದಿಯಿಂದ ವಾಂತಿ-ಭೇದಿ ಸುದ್ದಿ ಬರುತ್ತಿದೆ ಅಂದರೆ ಕಾಯಬೇಡಿ, ಕುದಿಸಿ ಕುಡಿಯಿರಿ ಅಂತ ಅವತ್ತೇ ಸಾರಿ. ಆದರೆ ಸೀಸ, ನೈಟ್ರೇಟ್‌ನಂಥ ರಾಸಾಯನಿಕ ಸೇರಿದ್ದರೆ ಕುದಿಸಿದರೆ ಹೋಗೋದಿಲ್ಲ, ನೀರು ಆವಿಯಾಗಿ ಅಂಶ ಇನ್ನೂ ಹೆಚ್ಚುತ್ತದೆ, ಆಗ ಬೇರೆ ನೀರೇ ಕೊಡಬೇಕು. ಹಾಗಾಗಿ ಎರಡು ಪ್ರಕಟಣೆ ಈಗಲೇ ಬರೆದಿಟ್ಟುಕೊಳ್ಳಿ, "ಕುದಿಸಿ ಕುಡಿಯಿರಿ" ಒಂದು, "ಈ ನೀರು ಕುಡಿಯಲೇಬೇಡಿ" ಇನ್ನೊಂದು. ಬೀದಿಯ ಹೆಸರು ಮತ್ತು ತಾರೀಕು ತುಂಬಿದರೆ ಹೊರಡುವಂತಿರಲಿ, ನೀವು ಊರಲ್ಲಿ ಇಲ್ಲದ ರಾತ್ರಿ ಸಹಿ ಹಾಕುವ ಅಧಿಕಾರ ಯಾರಿಗೆ ಅನ್ನೋ ಆದೇಶವೂ ಅದೇ ಕಡತದಲ್ಲಿರಲಿ.