ಕೆ-ಸೆಟ್ ಇದ್ದವರು ಮುಂಬೈ ಕಾಲೇಜಿನಲ್ಲಿ ಗ್ರಂಥಪಾಲಕರಾಗಬಹುದೇ? ದಿನದ ಕೆಲಸ ಹೇಗಿರುತ್ತದೆ?

ಡೊಂಬಿವಲಿ ಓದುಗಿ:

ಧಾರವಾಡದಲ್ಲಿ ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮುಗಿದಿದೆ, 58%. ಕರ್ನಾಟಕದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಆಗಿದೆ. ಈಗ ವಾಸ ಡೊಂಬಿವಲಿ. ಮುಂಬೈ, ಠಾಣೆ ಕಡೆಯ ಅನುದಾನಿತ ಪದವಿ ಕಾಲೇಜುಗಳಿಗೆ ಅರ್ಜಿ ಹಾಕಲು ಇಷ್ಟು ಸಾಕೇ? ಕನ್ನಡ ಬಲ್ಲವರಿಗೆ ಏನಾದರೂ ಅನುಕೂಲ ಉಂಟೇ? ಹುದ್ದೆ ಸಿಕ್ಕಿತು ಅಂದುಕೊಳ್ಳಿ, ಬೆಳಗಿನಿಂದ ಸಂಜೆವರೆಗೆ ನಿಜಕ್ಕೂ ಮಾಡುವುದೇನು? ಸಿಲಬಸ್‌ನಲ್ಲಿ ಓದಿದ ಕೋಲನ್ ವರ್ಗೀಕರಣವನ್ನು (ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಪದ್ಧತಿ) ಕಾಲೇಜುಗಳಲ್ಲಿ ಯಾರೂ ಮುಟ್ಟುವುದಿಲ್ಲ ಅಂತ ಕೇಳಿದ್ದೇನೆ. ಹಾಗಾದರೆ ಏನು ಕಲಿತು ಹೋಗಬೇಕು?

ಕಲೀನಾ ಕಪಾಟು:

ಎಂ.ಲಿಬ್. ಸಾಕು, ಕೆ-ಸೆಟ್ ಸಾಲದು. 2002ರ ಜೂನ್ 1ರಿಂದೀಚೆಗೆ ನಡೆದ ಯಾವುದೇ ರಾಜ್ಯದ ಸೆಟ್ ಆ ರಾಜ್ಯದೊಳಗೆ ಮಾತ್ರ ನಡೆಯುತ್ತದೆ. ನಿಮ್ಮ ಮುಂದೆ ಮೂರು ದಾರಿ: ರಾಷ್ಟ್ರಮಟ್ಟದ ಯುಜಿಸಿ ನೆಟ್ ಪರೀಕ್ಷೆ, ಮಹಾರಾಷ್ಟ್ರದ ಸೆಟ್ ಆದ ಎಂಎಚ್-ಸೆಟ್, ಇಲ್ಲವೇ ಪಿಎಚ್.ಡಿ. ಎಂಎಚ್-ಸೆಟ್ ನಡೆಸುವುದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ, ಮಹಾರಾಷ್ಟ್ರ ಮತ್ತು ಗೋವಾ ಎರಡಕ್ಕೂ ಸೇರಿ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ನಮ್ಮ ವಿಷಯ, 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. 40% ಬಂದರೆ ಪಾಸು ಎಂಬ ಭ್ರಮೆ ಬೇಡ. ಅದು ಸಾಲಿನಲ್ಲಿ ನಿಲ್ಲುವ ಅರ್ಹತೆ ಮಾತ್ರ, ಕೊನೆಗೆ ಪಾಸಾಗುವುದು ಮೇಲಿನ 6% ಜನ.

ನೆಟ್ ಬರೆಯುವುದಾದರೆ ಫಲಿತಾಂಶದ ಪತ್ರವನ್ನು ಸರಿಯಾಗಿ ಓದಿ. 2024ರ ಜೂನ್ ಪರೀಕ್ಷೆಯಿಂದ ಮೂರು ವರ್ಗಗಳಿವೆ. ‘ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ’ ಎಂಬ ಮೂರನೆಯ ವರ್ಗದಲ್ಲಿ ಬಂದರೆ ಗ್ರಂಥಪಾಲಕ ಹುದ್ದೆಗೆ ಅದು ಉಪಯೋಗಕ್ಕಿಲ್ಲ.

ಯುಜಿಸಿಯ 2018ರ ನಿಯಮದಂತೆ ಕಾಲೇಜು ಗ್ರಂಥಪಾಲಕ, ವಿಶ್ವವಿದ್ಯಾಲಯದ ಸಹಾಯಕ ಗ್ರಂಥಪಾಲಕ ಎರಡೂ ಒಂದೇ ಹಂತ: ಶೈಕ್ಷಣಿಕ ಲೆವೆಲ್ 10, ಆರಂಭದ ಮೂಲವೇತನ 57,700 ರೂಪಾಯಿ. ಸ್ನಾತಕೋತ್ತರದಲ್ಲಿ ಕನಿಷ್ಠ 55% ಬೇಕು, ನಿಮಗಿದೆ. ಲೆವೆಲ್ 11ಕ್ಕೆ ಹೋಗಲು ಪಿಎಚ್.ಡಿ. ಇದ್ದರೆ 4 ವರ್ಷ, ಎಂ.ಫಿಲ್. ಇದ್ದರೆ 5, ಎರಡೂ ಇಲ್ಲದಿದ್ದರೆ 6. ಉಪಗ್ರಂಥಪಾಲಕ ಹುದ್ದೆಗೆ ನೇರ ನೇಮಕಾತಿ ಬೇಕೆಂದರೆ 8 ವರ್ಷ ಅನುಭವದ ಜೊತೆ ಪಿಎಚ್.ಡಿ. ಕಡ್ಡಾಯ, ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ 10 ವರ್ಷ ಮತ್ತು ಪಿಎಚ್.ಡಿ. ಬೇಕು. ಕೆಲಸಕ್ಕೆ ಸೇರಿದ ಮೊದಲ ಐದು ವರ್ಷದೊಳಗೆ ಪಿಎಚ್.ಡಿ.ಗೆ ನೋಂದಣಿ ಮಾಡಿಸಿಕೊಳ್ಳದವರು ಆಮೇಲೆ ಮಾಡಿಸುವುದು ಕಷ್ಟ, ಕೆಲಸ ಬಿಡುವು ಕೊಡುವುದಿಲ್ಲ.

ಜಾಹೀರಾತಿನಲ್ಲಿ ಸಂಬಳದ ಅಂಕಿಗಿಂತ ಮೊದಲು ಮೂರು ಸಂಗತಿ ನೋಡಿ: ಹುದ್ದೆ ಅನುದಾನಿತವೋ ಅಲ್ಲವೋ, ಸರ್ಕಾರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಕ್ಕಿದೆಯೋ ಇಲ್ಲವೋ, ರೋಸ್ಟರ್‌ನಲ್ಲಿ, ಅಂದರೆ ಮೀಸಲಾತಿಯ ಸರದಿ ಪಟ್ಟಿಯಲ್ಲಿ, ಯಾವ ವರ್ಗಕ್ಕೆ ಮೀಸಲು. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ, ಮದುವೆಯಾಗಿ ಬಂದರೂ ಅಷ್ಟೇ. ನೀವು ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಆಯ್ಕೆಯಾದ ಮೇಲೂ ವಿಶ್ವವಿದ್ಯಾಲಯದ ಅಪ್ರೂವಲ್ ಪತ್ರ ಬರುವವರೆಗೆ ನಿರಾಳ ಬೇಡ. ಅದಿಲ್ಲದೆ ಉನ್ನತ ಶಿಕ್ಷಣದ ಜಂಟಿ ನಿರ್ದೇಶಕರ ಕಚೇರಿಯಿಂದ ಸಂಬಳ ಬರುವುದಿಲ್ಲ, ಮುಂದೆ ಬಡ್ತಿಗೆ ಆ ಸೇವೆಯನ್ನು ಲೆಕ್ಕ ಹಿಡಿಸುವುದೂ ತಲೆನೋವು.

ಕನ್ನಡದ ಅನುಕೂಲ? ಹುದ್ದೆಗೆ ಇಲ್ಲ. ಮರಾಠಿ ಬೇಕು. ಕಚೇರಿಯ ಸುತ್ತೋಲೆ, ಸರ್ಕಾರಿ ಆದೇಶ ಎಲ್ಲ ಮರಾಠಿಯಲ್ಲೇ ಬರುತ್ತವೆ.

ಪುಣೆ 025:

ದಿನದ ಕೆಲಸದ ಬಗ್ಗೆ. ಕೌಂಟರಿನಲ್ಲಿ ಪುಸ್ತಕ ಕೊಟ್ಟು ತಗೊಳ್ಳುವುದನ್ನು ಸಹಾಯಕರು ನೋಡಿಕೊಳ್ಳುತ್ತಾರೆ. ಗ್ರಂಥಪಾಲಕರ ಹೆಗಲಿಗೆ ಬೀಳುವುದು ದಾಖಲೆ. ಕೋಲನ್ ಮರೆತರೂ ನಡೆದೀತು, ಪರಿಗ್ರಹಣ ಪುಸ್ತಕ (ಬಂದ ಪ್ರತಿ ಪುಸ್ತಕಕ್ಕೂ ಸಂಖ್ಯೆ ಕೊಟ್ಟು ದಾಖಲಿಸುವ ರಿಜಿಸ್ಟರ್) ಬರೆಯಲು ಬಾರದಿದ್ದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಖರೀದಿಯ ಕ್ರಮ ಹೀಗೆ. ವಿಭಾಗದಿಂದ ಬೇಡಿಕೆ ಪಟ್ಟಿ ಬಂದಾಗ ಮೊದಲು ಕ್ಯಾಟಲಾಗ್‌ನಲ್ಲಿ ಹುಡುಕಿ, ಅದೇ ಆವೃತ್ತಿ ಇದ್ದರೆ ಹೊಡೆದುಹಾಕಿ. ಆಮೇಲೆ ಗ್ರಂಥಾಲಯ ಸಮಿತಿಯ ಒಪ್ಪಿಗೆ, ಕೊಟೇಶನ್, ಆರ್ಡರ್. ಪುಸ್ತಕ ಬಂದ ದಿನ ಬಿಲ್ಲಿನ ಪಕ್ಕ ಇಟ್ಟುಕೊಂಡು ಆವೃತ್ತಿ, ಮುದ್ರಿತ ಬೆಲೆ, ರಿಯಾಯಿತಿ ನೋಡಿ. ಬೆಲೆಯ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಕಿತ್ತು ನೋಡಿ, ಸಂಕೋಚ ಬೇಡ. ಪರಿಗ್ರಹಣ ಪುಸ್ತಕದಲ್ಲಿ ಏರಿಸಿದ ಮೇಲೆ ಬಿಲ್ಲಿನ ಹಿಂದೆ ‘ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆವರೆಗೆ ದಾಖಲಾಗಿದೆ’ ಎಂದು ಬರೆದು ಸಹಿ ಮಾಡಿ, ಆಮೇಲಷ್ಟೇ ಅಕೌಂಟ್ಸ್‌ಗೆ ಕಳಿಸಿ. ಮಾರ್ಚ್ ಕೊನೆಯಲ್ಲಿ ಅವಸರಕ್ಕೆ ಬಿಲ್ ಮೊದಲು, ದಾಖಲೆ ಆಮೇಲೆ ಅಂತ ಹೋದರೆ ಬಾರದ ಪುಸ್ತಕಕ್ಕೂ ಹಣ ಹೋಗಿರುತ್ತದೆ. ಎರಡು ಸಂಪುಟದ ಸೆಟ್‌ಗೆ ಒಂದೇ ಸಂಖ್ಯೆ ಕೊಡಬೇಡಿ. ಒಂದು ಸಂಪುಟ ಕಳೆದಾಗ ಲೆಕ್ಕದಲ್ಲಿ ಎರಡೂ ಕಳೆದಂತೆ, ಅಥವಾ ಎರಡೂ ಇದ್ದಂತೆ.

ಗ್ರಂಥಾಲಯದ ತಂತ್ರಾಂಶ ಕೊಹಾ, ಇನ್‌ಫ್ಲಿಬ್‌ನೆಟ್‌ನ (ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ) ಸೋಲ್, ಪುಣೆಯದೇ ಆದ ಸ್ಲಿಮ್ ಇವುಗಳಲ್ಲಿ ಒಂದಿರುತ್ತದೆ. ಕೊಹಾ ಕಲಿತು ಹೋಗಿ, ಉಚಿತ, ಮನೆಯ ಲ್ಯಾಪ್‌ಟಾಪ್‌ನಲ್ಲೇ ಹಾಕಿಕೊಳ್ಳಬಹುದು. ಪುಸ್ತಕದ ವಿವರ ನಮೂದಿಸುವ ಮಾನಕವಾದ ಮಾರ್ಕ್21ರ ಕ್ಷೇತ್ರ ಸಂಖ್ಯೆಗಳಲ್ಲಿ 020, 082, 100, 245, 250, 264, 300, 650 ಇಷ್ಟು ಬಾಯಿಪಾಠವಾಗಿರಲಿ. ಪ್ರತಿಯ ವಿವರ ಹೋಗುವುದು 952ಕ್ಕೆ. ಅದರಲ್ಲಿ ಖರೀದಿ ಬೆಲೆ ಬೇರೆ, ಬದಲಿ ಬೆಲೆ (ಪುಸ್ತಕ ಕಳೆದಾಗ ವಸೂಲು ಮಾಡುವುದು) ಬೇರೆ. ಬದಲಿ ಬೆಲೆ ಖಾಲಿ ಬಿಟ್ಟು, ಐಟಂ ಟೈಪ್‌ನಲ್ಲೂ ಏನೂ ಹಾಕದಿದ್ದರೆ ವಿದ್ಯಾರ್ಥಿ ಪುಸ್ತಕ ಕಳೆದಾಗ ದಂಡ ಸೊನ್ನೆ. ಕೊಹಾ ರಾತ್ರಿ ತಾನೇ ಬ್ಯಾಕಪ್ ತೆಗೆಯುತ್ತದೆ ನಿಜ, ಆದರೆ ಅದೇ ಯಂತ್ರದೊಳಗೆ, ಡೀಫಾಲ್ಟ್ ಆಗಿ ಎರಡು ದಿನದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ಹೋದರೆ ಬ್ಯಾಕಪ್ಪೂ ಹೋಯಿತು. ಹೊರಗಿನ ಡಿಸ್ಕ್‌ಗೆ ನಕಲು ಮಾಡುವುದು ಬೆಳಗಿನ ಮೊದಲ ಕೆಲಸವಾಗಿರಲಿ.

ಅಧ್ಯಾಪಕರು ಬೇಸಿಗೆ ರಜೆಗೆ ಹೋದಾಗ ನಮಗೆ ದಾಸ್ತಾನು ಪರಿಶೀಲನೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮದಲ್ಲಿ 20,000 ಸಂಪುಟದವರೆಗೆ ಪ್ರತಿ ವರ್ಷ ಪೂರ್ತಿ, 50,000ದವರೆಗೆ ಮೂರು ವರ್ಷಕ್ಕೊಮ್ಮೆ, ಅದಕ್ಕೂ ಮೇಲೆ ಮಾದರಿ ಪರಿಶೀಲನೆ ಎಂದಿದೆ. ಸಾವಿರಕ್ಕೆ ಐದು ಸಂಪುಟ ನಷ್ಟ ಸಹಜ ಎಂಬ ಮಾತೂ ಅದರಲ್ಲೇ ಇದೆ. ಆದರೆ ಆ ಸಾವಿರ ವರ್ಷದಲ್ಲಿ ಓದಲು ಕೊಟ್ಟ ಸಂಪುಟಗಳ ಸಾವಿರ, ಕಪಾಟಿನಲ್ಲಿರುವ ಒಟ್ಟು ಸಂಪುಟಗಳದ್ದಲ್ಲ. ಇಲ್ಲಿ ಎಡವುವವರು ಬಹಳ. 1,000 ರೂಪಾಯಿ ಮೀರಿದ ಪುಸ್ತಕ ಹೋದರೆ ವಿಚಾರಣೆ ಬೇಕೇ ಬೇಕು. ರಾಜ್ಯದ ಕಾಲೇಜುಗಳಿಗೆ ರಾಜ್ಯದ ನಿಯಮವೇ ಅನ್ವಯ, ಆದರೂ ಸಮಿತಿಯ ಮುಂದೆ ಇದನ್ನೇ ಆಧಾರವಾಗಿ ಇಡುವುದು ರೂಢಿ.

ಈ ಪರಿಶೀಲನೆಯಲ್ಲಿ ಸ್ಕ್ಯಾನ್ ಮಾಡಿದ ಬಾರ್‌ಕೋಡ್‌ಗಳನ್ನು ಸಾದಾ ಟೆಕ್ಸ್ಟ್ ಫೈಲ್‌ನಲ್ಲೇ ಇಡಿ. ಎಕ್ಸೆಲ್‌ನಲ್ಲಿ ತೆರೆದರೆ ಮುಂದಿನ ಸೊನ್ನೆಗಳು ಉದುರಿ 00123 ಹೋಗಿ 123 ಆಗುತ್ತದೆ, ಕಪಾಟಿನಲ್ಲೇ ಇರುವ ಪುಸ್ತಕಗಳು ‘ಕಾಣೆ’ ಪಟ್ಟಿಗೆ ಬೀಳುತ್ತವೆ.

ಇನ್ನು ನ್ಯಾಕ್ (ಕಾಲೇಜಿನ ಮೌಲ್ಯಾಂಕನ) ಕೆಲಸ, ಎನ್-ಲಿಸ್ಟ್ (ಇ-ಪುಸ್ತಕ, ಇ-ನಿಯತಕಾಲಿಕಗಳ ಸೇವೆ) ಲಾಗಿನ್, ಅಕ್ಟೋಬರ್ 15ರ ವಾಚನ ಪ್ರೇರಣಾ ದಿನದ ಫೋಟೊ. ಇವು ಇದ್ದೇ ಇವೆ.

ಡೊಂಬಿವಲಿ ಓದುಗಿ:

ಇಬ್ಬರಿಗೂ ಧನ್ಯವಾದ. ಕೊಹಾದಲ್ಲಿ ಕನ್ನಡ ಪುಸ್ತಕಗಳನ್ನು ಏರಿಸುವುದು ಹೇಗೆ? ಇಲ್ಲಿಯ ಒಂದು ಸಂಘದ ವಾಚನಾಲಯದ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿದೆ, ಅಭ್ಯಾಸಕ್ಕೆ ಅದನ್ನೇ ಹಾಕೋಣ ಅಂತ.

ಪುಣೆ 025:

ಒಳ್ಳೆಯ ಅಭ್ಯಾಸ. ಹಳೆಯ ನುಡಿ, ಬರಹ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನೇರ ಏರಿಸಿದರೆ ತೆರೆಯ ಮೇಲೆ ಲ್ಯಾಟಿನ್ ಅಕ್ಷರಗಳ ಕಸ ಕಾಣುತ್ತದೆ. ಪರಿವರ್ತನೆಯಲ್ಲಿ ಒತ್ತಕ್ಷರ ಮತ್ತು ಅರ್ಕಾವೊತ್ತು ಕೆಡುತ್ತವೆ, ಅವನ್ನು ಕಣ್ಣಲ್ಲೇ ತಿದ್ದಬೇಕು. ‘ಸೂರ್ಯ’ವನ್ನು ಇನ್ನೊಂದು ಬಗೆಯಲ್ಲಿ ಟೈಪ್ ಮಾಡಿದಾಗ ನಡುವೆ ಕಣ್ಣಿಗೆ ಕಾಣದ ಜೋಡಕ ಸೇರಿಕೊಂಡಿರುತ್ತದೆ. ಓದಲು ಎರಡೂ ಸರಿ, ಹುಡುಕಿದರೆ ಒಂದು ಸಿಗುತ್ತದೆ, ಒಂದು ಸಿಗುವುದಿಲ್ಲ. ಏರಿಸುವ ಮೊದಲೇ ಇಡೀ ಫೈಲಿನಿಂದ ಅದನ್ನು ತೆಗೆದುಹಾಕಿ. ಕೊಹಾ ಹುಡುಕಾಟಕ್ಕೆ ಬಳಸುವ ಜೀಬ್ರಾ ಸೂಚಿಯನ್ನು ಯೂನಿಕೋಡ್ ಅರಿಯುವ ಐಸಿಯು ವಿಧಾನಕ್ಕೆ ಬದಲಾಯಿಸಿ, ಸೂಚಿಯನ್ನು ಪೂರ್ತಿ ಹೊಸದಾಗಿ ಕಟ್ಟಿ. ಹೊಸ ಸಂರಚನೆ ಹಾಕಿ ಸೂಚಿ ಕಟ್ಟದೆ ಬಿಟ್ಟು ‘ಕೊಹಾದಲ್ಲಿ ಕನ್ನಡ ಬರುವುದಿಲ್ಲ’ ಅನ್ನುವವರೇ ಹೆಚ್ಚು.

245ರಲ್ಲಿ ಕನ್ನಡ ಲಿಪಿಯ ಶೀರ್ಷಿಕೆ, 246ರಲ್ಲಿ ರೋಮನ್ ಲಿಪ್ಯಂತರ. ಪ್ರಕಟಣೆಯ ವರ್ಷ ಪುಸ್ತಕದಲ್ಲಿ ೧೯೯೨ ಎಂದಿದ್ದರೂ ನಮೂದಿಸುವುದು 1992, ಇಲ್ಲದಿದ್ದರೆ ವರ್ಷವಾರು ಜೋಡಣೆ ಕೆಡುತ್ತದೆ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814, ಅದಕ್ಕೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಾದಂಬರಿ ಮತ್ತು ಕತೆ. ಮರಾಠಿ 891.46. ಬೆನ್ನಿನ ಚೀಟಿಯಲ್ಲಿ ಲೇಖಕರ ಮೂರಕ್ಷರ ರೋಮನ್‌ನಲ್ಲೇ ಇರಲಿ. ಪುಸ್ತಕ ಜೋಡಿಸುವ ಹುಡುಗನಿಗೆ ಕನ್ನಡ ಬರಬೇಕೆಂದಿಲ್ಲ.

ಮಡಗಾಂವ್ ಮಳೆ:

ಗೋವಾ ಕಡೆಯೂ ಪ್ರಯತ್ನಿಸುವುದಾದರೆ: ಎಂಎಚ್-ಸೆಟ್ ಇಲ್ಲಿಗೂ ಸಲ್ಲುತ್ತದೆ, ಆದರೆ ಸರ್ಕಾರಿ ಕಾಲೇಜಿನ ಹುದ್ದೆಗೆ 15 ವರ್ಷದ ವಾಸ್ತವ್ಯ ಪ್ರಮಾಣಪತ್ರ, ಕೊಂಕಣಿ ಜ್ಞಾನ ಕೇಳುತ್ತಾರೆ.

ಪುಣೆಯವರು ಬಿಟ್ಟದ್ದು ಒಂದಿದೆ, ಕರಾವಳಿಯ ಗ್ರಂಥಾಲಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬೂಷ್ಟು. ತೇವಾಂಶ 65% ದಾಟಿ ನಿಂತರೆ ರಟ್ಟಿನ ಮೇಲೆ ಬೆಳ್ಳಗೆ ಹಿಡಿಯುತ್ತದೆ. ಹಗಲು ಎಸಿ ಹಾಕಿ ಸಂಜೆ ಆರಿಸುವುದು ಎಸಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು, ತಣ್ಣಗಾದ ಪುಸ್ತಕದ ಮೇಲೆ ರಾತ್ರಿಯ ಒದ್ದೆ ಗಾಳಿ ಕೂರುತ್ತದೆ. ಫ್ಯಾನ್ ಓಡುತ್ತಿರಲಿ, ಕಪಾಟು ಗೋಡೆಯಿಂದ ಅರ್ಧ ಅಡಿ ದೂರವಿರಲಿ, ಕೆಳಗಿನ ಹಲಗೆ ನೆಲದಿಂದ ಅಷ್ಟೇ ಮೇಲಿರಲಿ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇನ್ನಷ್ಟು ಹರಡುತ್ತದೆ. ಬೇರೆ ಇಟ್ಟು, ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆಯ ಬ್ರಷ್‌ನಿಂದ ಝಾಡಿಸಿ. ದಾನವಾಗಿ ಬಂದ ಪೆಟ್ಟಿಗೆಗಳನ್ನು ನೇರ ಕಪಾಟಿಗೆ ಏರಿಸಬೇಡಿ, ಬೆಳ್ಳಿಹುಳು, ಗೆದ್ದಲು ಹೆಚ್ಚಾಗಿ ಅವುಗಳಲ್ಲೇ ಬರುವುದು. ಆ ಸಂಘದ ವಾಚನಾಲಯದ ಪುಸ್ತಕಗಳಿಗೂ ಇದೇ ಮಾತು.

ಕಲೀನಾ ಕಪಾಟು:

ಓದಿಗೆ ಜಾಗ ಬೇಕಾದರೆ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಜವಾಹರಲಾಲ್ ನೆಹರು ಗ್ರಂಥಾಲಯ ಇದೆ. ಕನ್ನಡ ವಿಭಾಗವೂ ಅದೇ ಆವರಣದಲ್ಲಿ. ಹಳೆಯ ಎಂಎಚ್-ಸೆಟ್ ಪ್ರಶ್ನೆಪತ್ರಿಕೆಗಳು ಪುಣೆ ವಿಶ್ವವಿದ್ಯಾಲಯದ ಸೆಟ್ ವಿಭಾಗದ ಜಾಲತಾಣದಲ್ಲೇ ಸಿಗುತ್ತವೆ. ಗೈಡ್ ಕೊಳ್ಳುವ ಮೊದಲು ಅವನ್ನು ಬಿಡಿಸಿ ನೋಡಿ.