ಕರೆಂಟ್ ಹೋಗಿ ಬಂದಮೇಲೆ ಉಬುಂಟು ಸರ್ವರ್‌ಗೆ ನೆಟ್ ಇಲ್ಲ, ಅರ್ಜೆಂಟ್!

ರೀಲರ್_ಶಿಡ್ಲಘಟ್ಟ: ತಲೆ ಕೆಟ್ಟುಹೋಗಿದೆ. ನಮ್ಮ ರೇಷ್ಮೆ ನೂಲು ತೆಗೆಯೋ ಫಿಲೇಚರ್‌ನ ಕ್ಯಾಮೆರಾ ರೆಕಾರ್ಡಿಂಗ್‌ಗೆ ಹಳೇ ಪಿಸಿಯಲ್ಲಿ ಉಬುಂಟು ಸರ್ವರ್ 22.04 ಓಡುತ್ತಿದೆ. ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಅಷ್ಟೇ, ನೆಟ್ ಸತ್ತಿದೆ. ನೆಟ್‌ವರ್ಕ್ ಸೆಟ್ಟಿಂಗ್ ಇರೋ ನೆಟ್‌ಪ್ಲಾನ್ ಫೈಲ್ ನಾನು ಮುಟ್ಟಿಲ್ಲ. ಅದರಲ್ಲಿ ಐಪಿ ಅಡ್ರೆಸ್ 192.168.1.50 ಹಾಗೇ ಇದೆ. ಮೊಬೈಲ್‌ಗೆ ಅದೇ ರೂಟರ್‌ನಿಂದ ನೆಟ್ ಬರುತ್ತಿದೆ.

ಕೋಲಾರ_ಟಕ್ಸ್: "ಐಪಿ ಎ" ಕಮಾಂಡ್ ಹೊಡೆದು ಬಂದದ್ದನ್ನ ಇಲ್ಲಿ ಹಾಕಿ.

ರೀಲರ್_ಶಿಡ್ಲಘಟ್ಟ: ಲ್ಯಾನ್ ಪೋರ್ಟ್ ಇಎನ್‌ಪಿ1ಎಸ್0: ನೋ-ಕ್ಯಾರಿಯರ್, ಸ್ಟೇಟ್ ಡೌನ್. ಕೆಳಗೆ ಇನ್ನೂ ಏನೇನೋ ಇದೆ, ಅದು ಬೇಡ ಬಿಡಿ.

ಕೋಲಾರ_ಟಕ್ಸ್: ನೋ-ಕ್ಯಾರಿಯರ್ ಅಂದರೆ ಪೋರ್ಟಿಗೆ ಲಿಂಕೇ ಸಿಕ್ಕಿಲ್ಲ. ಕೇಬಲ್ ಹೋಗಿದೆ. ಇಲಿ ಕಡಿದಿರುತ್ತದೆ, ನೋಡಿ.

ರೀಲರ್_ಶಿಡ್ಲಘಟ್ಟ: ಹೊಸ ಕೇಬಲ್ ಹಾಕಿದೆ. ಅದೇ ಕಥೆ.

ಕೋಲಾರ_ಟಕ್ಸ್: ಹಾಗಾದರೆ ರೂಟರ್ ಪೋರ್ಟ್ ಬದಲಾಯಿಸಿ. ಕೇಬಲ್ ತುದಿಯ ಕ್ರಿಂಪಿಂಗ್ ಸರಿ ಇದೆಯಾ? ನಾನು ಕ್ಯಾಟ್6 ಕೇಬಲ್ ಬಿಟ್ಟು ಬೇರೆ ಮುಟ್ಟೋದೇ ಇಲ್ಲ.

ಡೆಬಿಯನ್_ಭಕ್ತ: ಉಬುಂಟು ಬದಲು ಡೆಬಿಯನ್ ಲಿನಕ್ಸ್ ಹಾಕಿದ್ದರೆ ಈ ನೆಟ್‌ಪ್ಲಾನ್ ಗೋಳೇ ಇರುತ್ತಿರಲಿಲ್ಲ. ಇಂಟರ್‌ಫೇಸಸ್ ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು.

ತುಮಕೂರು_ಟರ್ಮಿನಲ್: ಲಿಂಕ್ ಇಲ್ಲ ಅನ್ನೋದಕ್ಕೂ ನೆಟ್‌ಪ್ಲಾನ್‌ಗೂ ಏನು ಸಂಬಂಧ ಗುರು? ರೀಲರ್ ಸರ್, ಆ "ಏನೇನೋ" ಇದೆಯಲ್ಲ, ಅದನ್ನೇ ಹಾಕಿ. ಪಿಸಿಗೆ ಹೊಸದಾಗಿ ಏನಾದರೂ ಸಿಕ್ಕಿಸಿದ್ರಾ?

ರೀಲರ್_ಶಿಡ್ಲಘಟ್ಟ: ಇಎನ್‌ಪಿ2ಎಸ್0 ಅಂತ ಇನ್ನೊಂದಿದೆ, ಅದೂ ಡೌನ್. ಕರೆಂಟ್ ಇಲ್ಲದಾಗ ಪಿಸಿ ಹೇಗೂ ಆಫ್ ಇತ್ತಲ್ಲ, ಕ್ಯಾಮೆರಾಗೆ ಬೇರೆ ಇರಲಿ ಅಂತ ಎರಡನೇ ಲ್ಯಾನ್ ಕಾರ್ಡ್ ಹಾಕಿದೆ. ಅದಕ್ಕಿನ್ನೂ ಕೇಬಲ್ಲೇ ಕೊಟ್ಟಿಲ್ಲ.

ತುಮಕೂರು_ಟರ್ಮಿನಲ್: ಅಲ್ಲೇ ಇದೆ ಕಥೆ. ಆ ಹೆಸರಿನಲ್ಲಿರೋ 1, 2 ಪಿಸಿಐ ಬಸ್ ನಂಬರ್, ಅಂದರೆ ಕಾರ್ಡ್ ಪಿಸಿಯೊಳಗೆ ಕೂತ ಜಾಗದ ನಂಬರ್. ಹೊಸ ಕಾರ್ಡ್ ಹೋಗಿ 1ರಲ್ಲಿ ಕೂತಿದೆ, ಮದರ್‌ಬೋರ್ಡಿನ ಹಳೇ ಪೋರ್ಟ್ 2ಕ್ಕೆ ಜರುಗಿದೆ. ನಿಮ್ಮ ಫೈಲ್ ಈಗ ಕೇಬಲ್ ಇಲ್ಲದ ಕಾರ್ಡಿಗೆ ಐಪಿ ಕೊಡೋಕೆ ಹೊರಟಿದೆ. ಹೆಸರು ನಂಬಬೇಡಿ, ಪ್ರತಿ ಪೋರ್ಟಿಗೂ ಇರೋ ಸ್ವಂತ ನಂಬರ್, ಮ್ಯಾಕ್ ಅಡ್ರೆಸ್, ಹಿಡಿದು ಕಟ್ಟಿ. ನೆಟ್‌ಪ್ಲಾನ್ ಫೈಲಿನಲ್ಲಿ ಈಥರ್ನೆಟ್ಸ್ ಕೆಳಗಿನ ಆ ಹೆಸರಿನ ಒಳಗೆ "ಮ್ಯಾಚ್", ಅದರೊಳಗೆ ಬೋರ್ಡ್ ಪೋರ್ಟಿನ "ಮ್ಯಾಕ್‌ಅಡ್ರೆಸ್". "ಮ್ಯಾಚ್" ಸಾಲಿನ ನೇರಕ್ಕೇ "ಸೆಟ್-ನೇಮ್: ಲ್ಯಾನ್0". ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. "ನೆಟ್‌ಪ್ಲಾನ್ ಟ್ರೈ" ಹೊಡೆಯಿರಿ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಹಳೇದಕ್ಕೇ ವಾಪಸ್ ಹೋಗುತ್ತದೆ.

ಭಕ್ತರೇ, ಡೆಬಿಯನ್‌ನಲ್ಲೂ ಹೆಸರು ಹೀಗೇ ಬದಲಾಗುತ್ತದೆ.

ಡೆಬಿಯನ್_ಭಕ್ತ: ನನಗೆ ಯಾವತ್ತೂ ಆಗಿಲ್ಲ.

ಕೋಲಾರ_ಟಕ್ಸ್: ಆದರೂ ಕೇಬಲ್ ಒಮ್ಮೆ ಟೆಸ್ಟ್ ಮಾಡಿಸಿ.

ರೀಲರ್_ಶಿಡ್ಲಘಟ್ಟ: ಲ್ಯಾನ್0 ಬಂತು! ಪಿಂಗ್ ಹೋಗುತ್ತಿದೆ. ಹೊಸ ಕಾರ್ಡಿಗೆ ಸ್ವಿಚ್‌ನಿಂದ ಕೇಬಲ್ ಎಳೆದು 192.168.1.60 ಕೊಟ್ಟೆ. ಈಗ ಕ್ಯಾಮೆರಾ ಒಂದೂ ಸಿಗುತ್ತಿಲ್ಲ, ಯಾಕೆ?

ತುಮಕೂರು_ಟರ್ಮಿನಲ್: ಎರಡೂ ಕಾರ್ಡ್ ಒಂದೇ ಸಬ್‌ನೆಟ್‌ನಲ್ಲಿದ್ದರೆ, ಅಂದರೆ ಒಂದೇ 192.168.1ರ ಸರಣಿಯಲ್ಲಿದ್ದರೆ, ಲಿನಕ್ಸ್ ಕರ್ನಲ್ ಯಾವುದೋ ಒಂದರ ದಾರಿ ಹಿಡಿಯುತ್ತದೆ. ಕ್ಯಾಮೆರಾಗಳನ್ನೂ ಆ ಕಾರ್ಡನ್ನೂ 192.168.2ರ ಸರಣಿಗೆ ಹಾಕಿ. ಆ ಕಾರ್ಡಿಗೆ ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗೋ ದಾರಿ) ಬರೆಯಬೇಡಿ.

ಕೋಲಾರ_ಟಕ್ಸ್: ನಮ್ಮನೇಲಿ ನಾಲ್ಕು ಪೋರ್ಟಿನ ಇಂಟೆಲ್ ಕಾರ್ಡ್, ಒಂದೊಂದಕ್ಕೂ ಬೇರೆ ವಿಎಲ್ಯಾನ್, ಯುಪಿಎಸ್ ಮೇಲೆ ಯುಪಿಎಸ್. ಫೋಟೋ ಹಾಕಲಾ?

ಹೊಸಬ_ಚಿಂತಾಮಣಿ: ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರುತ್ತಿಲ್ಲ. ಇದನ್ನೇ ಮಾಡಿದರೆ ಆಗುತ್ತಾ?